ಅಕಾಲವೃಷ್ಟಿಯೂ ಗೃಹತೃಪ್ತಿಯೂ
(ಉಪನ್ಯಾಸ)



ಸೊರಬದ ಸೀಮೆಯಲ್ಲಿ ಮಾಘಮಾಸವು ಕಳೆಯುತ್ತ ಬಂದಂತೆ ಚಳಿಯು ಹಿಂಜರಿಯತೊಡಗುತ್ತದೆ. ಶಿವರಾತ್ರಿಯಂದು ಚಳಿಯು ಶಿವನಾಮವನ್ನು ಜಪಿಸುತ್ತ ಹೊರಟುಹೋಗುವುದೆಂದು ಹಿರಿಯರು ಹೇಳುವುದುಂಟು. ಆ ವೇಳೆಗೆ ಗದ್ದೆಯ ಭತ್ತವು ಕಣವನ್ನು ಸೇರಿರುತ್ತದೆ. ಬೇಯಿಸಿದ ಅಡಿಕೆಯು ಅಂಗಳದ ಬಿಸಿಲಿನಲ್ಲಿ ಹರಡಿರುತ್ತದೆ. ಮಾವಿನ ಮರವು ಮೈತುಂಬ ಹೂತಿರುತ್ತದೆ. ಮಳೆಗಾಲವು ಇನ್ನೂ ಮೂರುನಾಲ್ಕು ತಿಂಗಳು ದೂರವಿರುವುದರಿಂದ ಒಕ್ಕಲಿಗನು ನಿಶ್ಚಿಂತನಾಗಿರುತ್ತಾನೆ. ಇಂತಹ ದಿನಗಳಲ್ಲಿಯೇ ಒಮ್ಮೊಮ್ಮೆ ಮಧ್ಯಾಹ್ನ ತಿರುಗಿದ ಮೇಲೆ ದಿಕ್ಕುಗಳು ಕಪ್ಪಾಗಿ, ಗಾಳಿಯೆದ್ದು, ಗುಡುಗುಸಿಡಿಲುಗಳೊಡನೆ ಆಲಿಕಲ್ಲಿನ ಮಳೆಯು ಸುರಿಯುವುದು. ಹೀಗೆ ಅಕಾಲದಲ್ಲಿ ಬಂದ ಬಿರುಮಳೆಯಿಂದ ಮನೆಯೊಳಗೆ ಸೇರಿಕೊಂಡ ಸಂಸಾರಿಯು ಅಲ್ಲಿ ತೃಪ್ತಿಯನ್ನು ಕಾಣುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯವು.

ಹಿಮಪಾತವೆಂಬುದನ್ನು ಈ ಸೀಮೆಯು ಅರಿಯದು. ಆಕಾಶದ ನೀರು ಗಟ್ಟಿಯಾಗಿ ನೆಲಕ್ಕಿಳಿಯುವುದು ಇಲ್ಲಿ ಆಲಿಕಲ್ಲಿನ ರೂಪದಲ್ಲಿ ಮಾತ್ರ. ಬಿಸಿಲಿಗೆ ಕಾದ ನೆಲದ ಮೇಲಿನ ತೇವದ ಗಾಳಿಯು ರಭಸದಿಂದ ಮೇಲೇರಿ, ಅತಿಶೀತಲವಾದ ಎತ್ತರವನ್ನು ಮುಟ್ಟಿದಾಗ, ಅದರೊಳಗಿನ ನೀರಹನಿಗಳು ಹೆಪ್ಪುಗಟ್ಟುತ್ತವೆ. ಮೇಲೇಳುವ ಗಾಳಿಯು ಅವುಗಳನ್ನು ಮೋಡದೊಳಗೆ ಹಿಡಿದಿಟ್ಟಿರುವವರೆಗೆ ಪದರದ ಮೇಲೆ ಪದರ ಬೆಳೆಯುತ್ತದೆ. ಗಾಳಿಯು ಹೊರಲಾರದಷ್ಟು ಭಾರವಾದೊಡನೆ ಕಲ್ಲು ಕೆಳಗೆ ಬೀಳುತ್ತದೆ. ಇದರಲ್ಲಿ ಯಾರ ಮೇಲಿನ ಕೋಪವೂ ಇಲ್ಲ. ಒಳ್ಳೆಯವನ ಅಡಿಕೆಯೂ ಕೆಟ್ಟವನ ಅಡಿಕೆಯೂ ಒಂದೇ ಮಳೆಯಲ್ಲಿ ನೆನೆಯುವುವು. ಇಷ್ಟನ್ನು ತಿಳಿದವನು ದೈವವನ್ನು ಹಳಿಯುವ ಕೆಲಸದಿಂದಾದರೂ ಬಿಡುಗಡೆ ಹೊಂದುವನು.

ದಂಡಾವತಿಯ ದಡದ ಕಡೆಯ ಒಂದು ಮನೆಯನ್ನು ಭಾವಿಸಬಹುದು. ಮೊದಲ ಕಲ್ಲು ಹೆಂಚಿನ ಮೇಲೆ ಟಣ್ಣೆಂದೊಡನೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡುವರು. ಅರ್ಧ ಅಡಿಕೆಯು ಜಗಲಿಗೆ ಬರುವುದು, ಉಳಿದರ್ಧವು ನೆನೆಯುವುದು. ನೆನೆದ ಅಡಿಕೆಗೆ ಬೂಷ್ಟು ಹಿಡಿಯುವುದೆಂದೂ, ಬಣ್ಣಗೆಟ್ಟರೆ ಬೆಲೆ ಇಳಿಯುವುದೆಂದೂ ಯಜಮಾನನಿಗೆ ಗೊತ್ತು. ಆ ಹಣದಿಂದ ತೀರಿಸಬೇಕಾದ ಸಾಲವೂ ಗೊತ್ತು. ಅವನು ಕಂಬಕ್ಕೊರಗಿ ಮೌನವಾಗಿ ಕುಳಿತಿರಲು, ಒಲೆಯ ಬಳಿಯಿಂದ ಮುದುಕಿ ತಾಯಿಯು, "ಹೋದದ್ದನ್ನು ಎಷ್ಟು ಸಲ ಎಣಿಸುತ್ತೀಯೋ ಮಗಾ? ಉಳಿದದ್ದನ್ನೂ ಒಮ್ಮೆ ಎಣಿಸು" ಎನ್ನುವಳು. ಅವನು ಎಣಿಸುವನು. ಕಣಜದಲ್ಲಿ ಭತ್ತವುಂಟು, ಕೊಟ್ಟಿಗೆಯಲ್ಲಿ ಕರೆಯುವ ಹಸುವುಂಟು, ಅಟ್ಟದ ಮೇಲೆ ಒಣಸೌದೆಯುಂಟು, ಮಕ್ಕಳೆಲ್ಲರೂ ಸೂರಿನಡಿಯಲ್ಲಿರುವರು. ಸೊಸೆಯು ಕಷಾಯವನ್ನು ಕಾಯಿಸುವಳು. ಹಲಸಿನ ಹಪ್ಪಳವು ಕೆಂಡದ ಮೇಲೆ ಅರಳುವುದು. ನಷ್ಟವು ಹೋಗಲಿಲ್ಲ, ಆದರೆ ಮನೆಯನ್ನೆಲ್ಲ ತುಂಬಿಕೊಂಡಿದ್ದ ಅದು ಈಗ ಒಂದು ಮೂಲೆಗೆ ಸರಿಯಿತು. ತೃಪ್ತಿಯ ಮೊದಲ ಮೆಟ್ಟಿಲು ಇದೇ.

ಹೊರಗಿನ ಕೇಡು ಒಳಗಿನ ನಿಷ್ಠೆಯನ್ನು ಕೆಡಿಸಬೇಕಾಗಿಲ್ಲವೆಂಬುದಕ್ಕೆ ನಿಜವಾದ ಹಿಮದ ನಾಡಿನಲ್ಲಿಯೇ ನಿದರ್ಶನವಿದೆ. ಹಿಮಾಲಯದ ಕೇದಾರ ಕ್ಷೇತ್ರವು ಸಮುದ್ರಮಟ್ಟದಿಂದ ಸುಮಾರು 11,750 ಅಡಿ ಎತ್ತರದಲ್ಲಿದೆ. ಅಲ್ಲಿಯ ರಾವಲರು ಪರಂಪರೆಯಿಂದ ಕನ್ನಡನಾಡಿನ ವೀರಶೈವರು. ದೀಪಾವಳಿಯ ತರುವಾಯ ಹಿಮವು ದಾರಿಯನ್ನು ಮುಚ್ಚುವುದಕ್ಕೆ ಮುಂಚೆಯೇ ಬಾಗಿಲು ಹಾಕಿ, ಉತ್ಸವಮೂರ್ತಿಯನ್ನು ಕೆಳಗಿನ ಊಖೀಮಠಕ್ಕೆ ಬಿಜಯಮಾಡಿಸುತ್ತಾರೆ. ಚಳಿಗಾಲದ ಪೂಜೆಯೆಲ್ಲವೂ ಅಲ್ಲಿ ನಡೆದು, ಬೇಸಗೆಯಲ್ಲಿ ಮರಳಿ ಬಾಗಿಲು ತೆರೆಯುವುದು. ಹಿಮದೊಡನೆ ಹೋರಾಟವಿಲ್ಲ, ಪೂಜೆಗೆ ಲೋಪವೂ ಇಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆಯೇ ಧರಿಸಿದ ಶರಣನಿಗಂತೂ ಯಾವ ಬಿರುಮಳೆಯೂ ಪೂಜೆಯ ದಾರಿಯನ್ನು ಕಟ್ಟಲಾರದು. ಕಾಯಕವೂ ಹಾಗೆಯೇ. ಸೊರಬದ ಗುಡಿಗಾರನು ಮಳೆ ಹುಯ್ಯುತ್ತಿರುವಾಗಲೂ ಒಳಗೆ ಕುಳಿತು ಶ್ರೀಗಂಧದ ತುಂಡಿನಲ್ಲಿ ಬಳ್ಳಿಯನ್ನು ಬಿಡಿಸಬಲ್ಲನು. ತೃಪ್ತಿಯೆಂದರೆ ಕೈಕಟ್ಟಿ ಕುಳಿತಿರುವುದೆಂದು ಯಾರೂ ಭಾವಿಸಲಾಗದು.

ಇನ್ನು, ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆ. ಇದಕ್ಕೆ 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ನಡೆಯೇ ಉತ್ತರವು. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬಡವಿಯಾದ ಆ ತಾಯಿಯು ಹಿಗ್ಗಲಿಲ್ಲ. ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಹೀಗೆ ಸಾಕೆಂಬ ಮಾತು ಹೊರಟದ್ದು ತುಂಬಿದ ಅರಮನೆಯಿಂದಲ್ಲ, ಆಯ್ದ ಅಕ್ಕಿಯ ಗುಡಿಸಲಿನಿಂದ. ಆ ಅಕ್ಕಿಯಲ್ಲಿಯೇ ಅವರು ಜಂಗಮರಿಗೆ ದಾಸೋಹವನ್ನೂ ನಡೆಸುತ್ತಿದ್ದರೆಂಬುದನ್ನು ಮರೆಯಲಾಗದು.

ಈ ದಾಸೋಹವೇ ತೃಪ್ತಿಯ ಕಡೆಯ ಮೆಟ್ಟಿಲು. ತಾನು ಬೆಚ್ಚಗಿರುವೆನೆಂದು ಬಾಗಿಲು ಭದ್ರಪಡಿಸಿಕೊಂಡು ಮಲಗಿದವನದು ತೃಪ್ತಿಯಲ್ಲ, ಕೇವಲ ಮೈಮರೆವು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಅಲ್ಲಿಯೂ ಒಂದು ಕೇದಾರೇಶ್ವರ ದೇವಾಲಯವಿದ್ದು, ಅದಕ್ಕೆ ಸೇರಿದ ಕೋಡಿಯಮಠವೆಂಬ ಕಾಳಾಮುಖರ ಮಠವಿದ್ದಿತು. ಆ ಮಠವು ಶಾಸ್ತ್ರಾಭ್ಯಾಸದ ಸ್ಥಾನವಾಗಿದ್ದುದಲ್ಲದೆ, ದೀನರಿಗೂ ಅನಾಥರಿಗೂ ಕುಂಟಕುರುಡರಿಗೂ ಅನ್ನವನ್ನಿಡುವ, ರೋಗಿಗಳಿಗೆ ಮದ್ದು ಕೊಡುವ, ಅಂಜಿದವರಿಗೆ ಅಭಯವೀಯುವ ಸ್ಥಾನವೆಂದು 1162ರ ಶಾಸನವು ವರ್ಣಿಸುತ್ತದೆ. ಎಂಟು ಶತಮಾನಗಳಿಗೂ ಹಿಂದೆ ಈ ಸೀಮೆಯಲ್ಲಿ ಮಠವೆಂದರೆ ತೆರೆದ ಬಾಗಿಲು ಎಂದೇ ಅರ್ಥವಿದ್ದಿತು. ಮಠದ ಭಕ್ತನ ಮನೆಗೆ ಬೇರೆ ಅರ್ಥವಿರಬಹುದೇ?

ಮತ್ತೆ ಆ ದಂಡಾವತಿಯ ದಡದ ಮನೆಗೆ ಬರೋಣ. ಮಳೆಯು ಇನ್ನೂ ಸುರಿಯುತ್ತಿದೆ. ತೋಯ್ದು ನಡುಗುತ್ತಿರುವ ದಾರಿಹೋಕನೊಬ್ಬನು ಕೂಸನ್ನೆತ್ತಿಕೊಂಡ ಹೆಂಡತಿಯೊಡನೆ ಅಂಗಳದಲ್ಲಿ ನಿಂತು, "ಯಜಮಾನರೇ, ಮಳೆ ನಿಲ್ಲುವ ತನಕ ಜಗಲಿಯ ಮೇಲೆ ಇರಬಹುದೇ?" ಎಂದು ಕೇಳುವನು. ಕಂಬಕ್ಕೊರಗಿದ್ದವನು ಮೇಲೆದ್ದು, "ಜಗಲಿಯೇಕಪ್ಪಾ, ಒಳಗೇ ಬನ್ನಿ, ತಾಯೀ, ಕೂಸನ್ನು ಒಲೆಯ ಹತ್ತಿರ ಕರೆದುಕೊಂಡು ಹೋಗಿ" ಎನ್ನುವನು. ಕಂಬಳಿಯೊಂದು ಕೈಬದಲಾಗುವುದು, ಗಂಜಿಗೆ ಎರಡು ತಂಬಿಗೆ ನೀರು ಹೆಚ್ಚಾಗುವುದು. ಆ ರಾತ್ರಿ ಯಜಮಾನನಿಗೆ ನಿದ್ರೆ ಬರುವುದು. ಬೆಳಗಾಗೆದ್ದು ನೋಡಿದರೆ ಮಾವಿನ ಹೂವು ನೆಲದ ಮೇಲಿರುವುದು, ಅಡಿಕೆಯು ತೇವವಾಗಿಯೇ ಇರುವುದು, ಸಾಲವೂ ಇರುವುದು. ಆದರೆ ಬಿಸಿಲು ಬಂದಿರುವುದು. ಅಡಿಕೆಯನ್ನು ಹರಡಲು ಮನೆಮಂದಿಯ ಕೈಗಳೊಡನೆ ಆ ದಾರಿಹೋಕ ದಂಪತಿಗಳ ನಾಲ್ಕು ಕೈಗಳೂ ಕೂಡಿರುವುವು.

ಅಕಾಲದ ಮಳೆಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದು ಬಂದಾಗ ಉಳಿದುದನ್ನು ಎಣಿಸುವ ವಿವೇಕವೂ, ಸಾಕೆನ್ನುವ ಧೈರ್ಯವೂ, ಬಾಗಿಲು ತೆರೆಯುವ ಕರುಣೆಯೂ ಶ್ರೀಮಠದ ಸಕಲ ಸದ್ಭಕ್ತರ ಮನೆಗಳಲ್ಲಿ ನೆಲೆಸಲೆಂದು ಪರಶಿವನಲ್ಲಿ ಪ್ರಾರ್ಥನೆ.