‘ಡ್ಕ’ ಒತ್ತಕ್ಷರದ ಊರುಗಳು

ಕನ್ನಡದಲ್ಲಿ ‘ಡ’ಕಾರಕ್ಕೆ ‘ಕ’ ಒತ್ತು ಬರುವುದು ಅಪರೂಪ. ಅಡಕೆ, ಮಡಕೆ, ಹುಡುಕು ಎಂಬ ಮಾತುಗಳು ಆಡುವಾಗ ಅಡ್ಕೆ, ಮಡ್ಕೆ, ಹುಡ್ಕು ಎಂದು ಬಿಗಿಯುತ್ತವೆ. ಬರೆಯುವಾಗ ನಡುವಿನ ಸ್ವರ ಮರಳಿ ಬಂದು ಕೂರುತ್ತದೆ. ಆದರೆ ಉಡುಪಿಯಿಂದ ಕಾಸರಗೋಡಿನವರೆಗೆ ಈ ಒತ್ತಕ್ಷರ ಬಸ್ಸಿನ ಬೋರ್ಡುಗಳಲ್ಲೇ ಕಾಣಸಿಗುತ್ತದೆ. ಹಿರಿಯಡ್ಕ, ಕಲ್ಲಡ್ಕ, ಅಡ್ಯನಡ್ಕ, ಬದಿಯಡ್ಕ, ಉಕ್ಕಿನಡ್ಕ, ಪಳ್ಳತ್ತಡ್ಕ. ಇಷ್ಟೂ ಹೆಸರುಗಳ ಕೊನೆಗೆ ನಿಂತಿರುವುದು ‘ಅಡ್ಕ’ ಎಂಬ ತುಳು ಪದ.

ಅಡ್ಕವೆಂದರೆ ನೀರಿನಾಸರೆ ಇಲ್ಲದ, ಬೇಸಾಯಕ್ಕೆ ಒದಗದ, ಬಯಲಾಗಿ ಹರಡಿದ ಗಟ್ಟಿ ನೆಲ. ಕರಾವಳಿಯಲ್ಲಿ ಇಂಥ ನೆಲದ ಒಡಲು ಹೆಚ್ಚಾಗಿ ಮುರಕಲ್ಲು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳನ್ನು ಉಳಿಸಿದ್ದರಿಂದ ಈ ಕೆಂಪುಕಲ್ಲು ಆಯಿತು. ಕಡಿಯುವಾಗ ಮೆತ್ತಗಿದ್ದು, ಗಾಳಿಬಿಸಿಲು ತಾಗಿದಂತೆ ಗಟ್ಟಿಯಾಗುವುದು ಇದರ ಗುಣ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅಡ್ಕದಲ್ಲಿ ಈ ಕಲ್ಲು ನೆಲದ ಮೇಲಕ್ಕೇ ಬಂದಿರುತ್ತದೆ, ಮಣ್ಣು ಬೆರಳಷ್ಟೇ ದಪ್ಪ. ಮಳೆಗಾಲದಲ್ಲಿ ಕಲ್ಲಿನ ಕುಳಿಗಳಲ್ಲೆಲ್ಲ ನೀರು ನಿಂತು, ಹುಲ್ಲು ಮೊಣಕಾಲುದ್ದ ಬೆಳೆದು, ದನಕರುಗಳಿಗೆ ಹಬ್ಬವಾಗುತ್ತದೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅದೇ ಹುಲ್ಲು ಒಣಗಿ ನೆಲ ಕಂದುಬಣ್ಣಕ್ಕೆ ತಿರುಗುತ್ತದೆ.

ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ತರ ಮಾಡಿದ್ದರು. ತಗ್ಗಿನ ಬೈಲಿನಲ್ಲಿ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಮೇಲಿನ ಬೆಟ್ಟಿನಲ್ಲಿ ಮಳೆಯನ್ನೇ ನಂಬಿದ ಒಂದು. ಈ ಲೆಕ್ಕದಿಂದ ಹೊರಗುಳಿದದ್ದು ಅಡ್ಕ. ಹಿರಿಯಡ್ಕದಲ್ಲಿ ಈ ಪದಗಳು ಅಕ್ಕಪಕ್ಕದಲ್ಲೇ ಇವೆ: ಪೇಟೆಯ ಹೆಸರಿನಲ್ಲಿ ಅಡ್ಕ, ಗ್ರಾಮ ಪಂಚಾಯತಿನ ಹೆಸರಿನಲ್ಲಿ ಬೊಮ್ಮರಬೆಟ್ಟು. ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಕೂಡ ದೂರವಿಲ್ಲ. ಗುಡ್ಡ, ಗದ್ದೆ, ಹೊಳೆ ಇಷ್ಟು ಒತ್ತೊತ್ತಾಗಿರುವ ಸೀಮೆಯಲ್ಲಿ ಒಂದೊಂದು ನೆಲಕ್ಕೂ ಬೇರೆ ಬೇರೆ ಹೆಸರು ಬೇಕಾದದ್ದು ಸಹಜ.

ಅಡ್ಕದ ಮುಂದೆ ಸೇರಿದ ಮಾತು ಅದು ಯಾವ ಬಗೆಯ ಅಡ್ಕವೆಂದು ತಿಳಿಸುತ್ತದೆ. ಹಿರಿಯ ಅಡ್ಕ ಲೋಪಸಂಧಿಯಲ್ಲಿ ಹಿರಿಯಡ್ಕವಾಯಿತು, ಅಂದರೆ ದೊಡ್ಡ ಅಡ್ಕ. ಚಹಾಕ್ಕೆ ಹೆಸರಾದ ಬಂಟ್ವಾಳ ತಾಲೂಕಿನ ಕಲ್ಲಡ್ಕ, ಕಲ್ಲಿನ ಅಡ್ಕ. ಬದಿಯಡ್ಕದಲ್ಲಿ ಯಕಾರ ಆಗಮವಾಗಿದೆ. ಪಳ್ಳತ್ತಡ್ಕದ ‘ಪಳ್ಳ’ ನೀರು ನಿಲ್ಲುವ ತಗ್ಗು. ಮಣಿಪಾಲದ ಮಣ್ಣಪಳ್ಳದಲ್ಲಿರುವುದೂ ಅದೇ ಪದ.

ಈ ಒತ್ತಕ್ಷರಕ್ಕೆ ಬರವಣಿಗೆಯಲ್ಲಿ ನೆಮ್ಮದಿ ಸಿಕ್ಕಿಲ್ಲ. ಹಿರಿಯಡ್ಕವನ್ನು ಹಿರಿಯಡಕ ಎಂದು ಬರೆಯುವುದು ಬಹಳ ಬಳಕೆಯಲ್ಲಿದೆ. ಯಕ್ಷಗಾನದ ಬಡಗುತಿಟ್ಟಿನ ಹಿರಿಯ ಮದ್ದಳೆಗಾರ, 2020ರಲ್ಲಿ ನೂರು ವರ್ಷ ದಾಟಿ ತೀರಿಕೊಂಡ ಗೋಪಾಲ ರಾಯರ ಹೆಸರಿನೊಂದಿಗೂ ಹೆಚ್ಚಾಗಿ ಕಾಣುವುದು ಹಿರಿಯಡಕವೇ. ಕಾಸರಗೋಡಿನಲ್ಲಿ ಬದಲಾವಣೆ ಇನ್ನೂ ದೊಡ್ಡದು: ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೆಲೆಸಿದ್ದ ಬದಿಯಡ್ಕ ಮಲಯಾಳ ಬರಹದಲ್ಲಿ ಬದಿಯಡುಕ್ಕ, ಉಕ್ಕಿನಡ್ಕ ಉಕ್ಕಿನಡುಕ್ಕ. ನುಡಿ ಬದಲಾದಾಗ ಉಚ್ಚಾರ ಬದಲಾಗುವುದು ಇದ್ದದ್ದೇ. ಆದರೆ ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಒತ್ತನ್ನು ಬಿಡಿಸುವ ಅಗತ್ಯವಿಲ್ಲ. ‘ಡಕ’ ಎಂದಾಗ ಅದು ಅರ್ಥವಿಲ್ಲದ ಬಾಲವಾಗುತ್ತದೆ. ‘ಡ್ಕ’ ಎಂದು ಉಳಿಸಿಕೊಂಡರೆ ಅಡ್ಕ ಕಣ್ಣಿಗೆ ಕಾಣುತ್ತದೆ, ತುಳು ಬಲ್ಲವರ ಕಿವಿಗೂ ಸರಿಯಾಗಿ ಬೀಳುತ್ತದೆ.

ಇಂಥ ಪದಗಳ ಬೆನ್ನು ಹತ್ತುವವರಿಗೆ ಆಧಾರ ಕೈಗೆಟಕುವಲ್ಲೇ ಇದೆ. ಮಂಗಳೂರಿನ ಬಾಸೆಲ್ ಮಿಶನ್ 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿತು. ಅದಾದ ಸುಮಾರು ನೂರು ವರ್ಷಕ್ಕೆ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟು ಆರು ಸಂಪುಟಗಳಲ್ಲಿ 1988ರಿಂದ 1997ರ ನಡುವೆ ಹೊರಬಂತು. ಬೇರೆ ಬೇರೆ ಪ್ರದೇಶ, ಸಮುದಾಯಗಳ ತುಳುವನ್ನು ಒಂದೆಡೆ ತಂದ ಆ ಕೆಲಸದ ಬೆಲೆ ಎಷ್ಟು ಹೇಳಿದರೂ ಕಡಿಮೆಯೇ.

ಮತ್ತೆ ಅಡ್ಕಕ್ಕೇ ಬಂದರೆ, ಬೇಸಾಯ ಬೇಡವೆಂದ ನೆಲ ಕಟ್ಟಡಕ್ಕೆ ಬೇಕಾಯಿತು. ಅಡಿಪಾಯ ಗಟ್ಟಿ, ಗದ್ದೆ ಹಾಳಾಗುವ ಭಯವಿಲ್ಲ. 1953ರಲ್ಲಿ ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿಸಿದ್ದು ಬೋಳು ಮುರಕಲ್ಲಿನ ಗುಡ್ಡದ ಮೇಲೆಯೇ. ಕಾಸರಗೋಡಿನ ಸರಕಾರಿ ವೈದ್ಯಕೀಯ ಕಾಲೇಜಿಗೂ ಜಾಗ ಸಿಕ್ಕಿದ್ದು ಉಕ್ಕಿನಡ್ಕದಲ್ಲಿ.

‘ಡ್ಕ’ ಕಂಡಲ್ಲೆಲ್ಲ ಅಡ್ಕ ಹುಡುಕಬಾರದು. ಕಾರ್ಕಳ ತಾಲೂಕಿನ ಮುಂಡ್ಕೂರಿನಲ್ಲೂ ಅದೇ ಒತ್ತು ಇದೆ, ಆದರೆ ಆ ಹೆಸರಿಗೂ ಅಡ್ಕಕ್ಕೂ ಸಂಬಂಧವಿಲ್ಲ. ಅಡ್ಕ ಯಾವಾಗಲೂ ಕೊನೆಗೇ ಬರಬೇಕೆಂದೂ ಇಲ್ಲ. ಕರ್ನಾಟಕ–ಕೇರಳ ಗಡಿಯ ಅಡ್ಕಸ್ಥಳದಲ್ಲಿ ಅದು ಮೊದಲೇ ಬಂದಿದೆ.