ಗವರ್ನರ್ ಆಫ್ ಮಾಡಿ, ಮೊದಲು ಇಂಜಿನ್ ನೋಡಿ

ಮಾತಿನ ಮಧ್ಯೆ ಲಾರಿ ಹಾರ್ನ್ ಕೇಳಿಸಿದ್ರೆ ಹೊಂದಿಕೊಳ್ಳಿ. ನಾನಿರೋದು ಪುಣೆಯ ಮಾರ್ಕೆಟ್ ಯಾರ್ಡ್ ಪಕ್ಕ, ಇಲ್ಲಿ ಈರುಳ್ಳಿ ಲಾರಿಗಳಿಗೆ ಹಗಲು ರಾತ್ರಿ ಅಂತ ಏನಿಲ್ಲ. ನನ್ನ ಕೆಲಸ ಸಾಫ್ಟ್‌ವೇರ್. ಹುಚ್ಚು ಮಾತ್ರ ರಿಮೋಟ್ ಹೆಲಿಕಾಪ್ಟರ್. ಬ್ಯಾಟರಿಯದ್ದಲ್ಲ, ನೈಟ್ರೋ ಇಂಜಿನ್ನಿನದ್ದು.

ರೆಕ್ಕೆಯ ಕೋನ ಹೆಚ್ಚಿಸಿದಾಗ ಇಂಜಿನ್ ಮೇಲೆ ಭಾರ ಬಿದ್ದು ವೇಗ ಇಳಿಯುತ್ತೆ. ಗವರ್ನರ್ ಅದನ್ನ ಗಮನಿಸಿ ಥ್ರಾಟಲ್ ತೆರೆದು ವೇಗವನ್ನ ಮತ್ತೆ ಹಿಡಿದು ನಿಲ್ಲಿಸುತ್ತೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಕಬ್ಬಿಣದ ಗುಂಡುಗಳಿಂದ ಮಾಡಿಸಿದ ಕೆಲಸವೇ ಇದು. ನಮ್ಮದರಲ್ಲಿ ಗುಂಡುಗಳಿಲ್ಲ. ಫ್ಯಾನಿಗೆ ಅಂಟಿಸಿದ ಪುಟ್ಟ ಮ್ಯಾಗ್ನೆಟ್, ಒಂದೆರಡು ಮಿಲಿಮೀಟರ್ ದೂರದಲ್ಲಿ ಸೆನ್ಸರ್, ಅಷ್ಟೇ.

ಸೆಟಪ್ಪಿನಲ್ಲಿ ನಿಜವಾಗಿ ಹೆದರಬೇಕಾದ್ದು ಗೇರ್ ಅನುಪಾತಕ್ಕೆ. ನನ್ನದು 8.5. ರೋಟರ್ ನಿಮಿಷಕ್ಕೆ 1800 ಸುತ್ತು ಬೇಕಂದ್ರೆ ಇಂಜಿನ್ 15,300 ತಿರುಗಬೇಕು. ಕೈತಪ್ಪಿ 9.5 ಅಂತ ಹಾಕಿದ್ರೆ ಗವರ್ನರ್ ನಿಷ್ಠೆಯಿಂದ ಇಂಜಿನ್ನನ್ನ 17,100ಕ್ಕೆ ಒಯ್ಯುತ್ತೆ, ರೋಟರ್ 2000 ದಾಟುತ್ತೆ. ರೆಕ್ಕೆಯನ್ನ ಹೊರಕ್ಕೆ ಎಳೆಯೋ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಸುಮಾರು ಕಾಲು ಭಾಗ ಜಾಸ್ತಿ ಆಯ್ತು. 1.35 ಮೀಟರ್ ವ್ಯಾಸದ ರೋಟರಿನ ತುದಿ 1800ರಲ್ಲೇ ಗಂಟೆಗೆ 450 ಕಿಲೋಮೀಟರಿಗಿಂತ ಜೋರಾಗಿ ಹೋಗ್ತಿರುತ್ತೆ. ಹಾಗಾಗಿ ಕೈಪಿಡಿ ನಂಬಬೇಡಿ, ಹಲ್ಲುಗಳನ್ನ ಬೆರಳಿಟ್ಟು ಎಣಿಸಿ.

ಅದನ್ನೆಲ್ಲ ನಾನು ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಬೇರೆ ಕಡೆ.

ಸಾಸ್ವಡ ಕಡೆಯ ಒಂದು ಬಯಲು. ಗೆಳೆಯನ ಮಗ, ಆರು ವರ್ಷದವನು, ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ. ಹೆಲಿಕಾಪ್ಟರ್ ಮೂರು ಆಳೆತ್ತರದಲ್ಲಿ ಅಲ್ಲಾಡದೆ ನಿಂತಿತ್ತು. ಸದ್ದು ಒಂದೇ ಸಮ, ಹಾಗಾಗಿ ಎಲ್ಲ ಚೆನ್ನಾಗಿದೆ ಅಂದ್ಕೊಂಡೆ. ಒಂದೇ ಕ್ಷಣದಲ್ಲಿ ಇಂಜಿನ್ ಹಿಡ್ಕೊಂಡು ನಿಂತುಹೋಯ್ತು. ಕೋನ ಇಳಿಸಿ ಆಟೋರೊಟೇಷನ್ ಮಾಡೋಕೆ ನೋಡಿದೆ, ಎತ್ತರ ಸಾಲಲಿಲ್ಲ. ನೆಲಕ್ಕೆ ಬಡಿದು, ರೆಕ್ಕೆ ಬಾಲವನ್ನ ಕತ್ತರಿಸಿತು. ಒಂದು ಚೂರು ನಮ್ಮಿಬ್ಬರನ್ನೂ ದಾಟಿ ಹೋಗಿ ಬಿತ್ತು. ಹುಡುಗ ಚಪ್ಪಾಳೆ ತಟ್ಟಿದ. ನನಗೆ ಕೂತ ಜಾಗದಿಂದ ಏಳೋಕಾಗಲಿಲ್ಲ.

ಪಿಸ್ಟನ್ ಬಿಡಿಸೋಕೆ ಆಗದೆ ಅದನ್ನ ಮಾರ್ಕೆಟ್ ಯಾರ್ಡಿನಲ್ಲಿ ಜನರೇಟರ್ ರಿಪೇರಿ ಮಾಡೋ ಒಬ್ಬ ಕಾಕಾ ಹತ್ರ ಒಯ್ದೆ. ಇಂಡಿ ಕಡೆಯವರು. ಗೀಚಿಹೋದ ಪಿಸ್ಟನ್ ಬೆಳಕಿಗೆ ಹಿಡಿದು ಕೇಳಿದ್ರು: ‘ಇದಕ್ಕ ಗವರ್ನರ್ ಐತೇನು?’

‘ಐತಿ ಕಾಕಾ.’

‘ಹಂಗಾರ ಅದನ್ನ ನಂಬಿ ನಿಂತಿದ್ದಿ. ಅದಕ್ಕ ಸ್ಪೀಡ್ ಅಷ್ಟ ತಿಳೀತದ ತಮ್ಮಾ, ಇಂಜಿನ್ನಿನ ತ್ರಾಸು ತಿಳೀಯಂಗಿಲ್ಲ. ನಾ ಮೊದಲ ಹೊಗಿ ನೋಡ್ತೀನಿ, ಆಮ್ಯಾಲ ಮೀಟರ್.’

ಅವರು ದಿನಾ ನೋಡೋ ಡೀಸೆಲ್ ಜನರೇಟರುಗಳು 50 ಹರ್ಟ್ಸಿಗಾಗಿ 1500 ಸುತ್ತಿನಲ್ಲೇ ನಿಲ್ಲಬೇಕು. ಇಂಜಿನ್ ಸೊರಗಿದ್ರೂ ಗವರ್ನರ್ ಡೀಸೆಲ್ ಸುರಿದು ವೇಗ ಹಿಡಿದಿಡುತ್ತೆ. ಎಂಟೆಕ್‌ನಲ್ಲಿ ಗವರ್ನರುಗಳ ಬಗ್ಗೆ ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದ ಪ್ರಬಂಧ ಓದಿ ಅಂಕ ತಗೊಂಡವನು ನಾನು!

ನನ್ನ ಇಂಜಿನ್ನಿಗೆ ಇಂಧನ ಕಮ್ಮಿ, ಗಾಳಿ ಜಾಸ್ತಿ ಹೋಗ್ತಿತ್ತು. ನೈಟ್ರೋದಲ್ಲಿ ಎಣ್ಣೆ ಇಂಧನದಲ್ಲೇ ಬೆರೆತಿರೋದ್ರಿಂದ ಇಂಧನ ಕಮ್ಮಿಯಾದ್ರೆ ಎಣ್ಣೆಯೂ ಕಮ್ಮಿ. ಕಾದು ಶಕ್ತಿ ಕುಂದಿದಾಗ ವೇಗ ಇಳಿದು ನನಗೆ ಗೊತ್ತಾಗಬೇಕಿತ್ತು. ಗವರ್ನರ್ ಥ್ರಾಟಲ್ ತೆರೀತಾ ತೆರೀತಾ ಅದನ್ನ ಮುಚ್ಚಿಹಾಕಿತು. ಮೆಮೊರಿ ಲೀಕ್ ಇರೋ ಸರ್ವಿಸಿಗೆ ಆಟೋಸ್ಕೇಲಿಂಗ್ ಹಾಕಿ ನೆಮ್ಮದಿಯಾಗಿ ಮಲಗೋರಿಗೆ ಇದು ಗೊತ್ತಿರುತ್ತೆ.

ಈಗ ನನ್ನ ಕ್ರಮ ಹೀಗಿದೆ. ಗವರ್ನರ್ ಆಫ್. ಬರೀ ಥ್ರಾಟಲ್ ಕರ್ವ್ ಮೇಲೆ ಹಾರಿಸಿ, ನೀಡಲ್ ತಿರುಗಿಸಿ, ಬಿಳಿ ಹೊಗೆಯ ಗೆರೆ ಕಾಣೋವರೆಗೂ ಸರಿ ಮಾಡ್ತೀನಿ. ಇಳಿಸಿ, ರೋಟರ್ ಪೂರ್ತಿ ನಿಂತ ಮೇಲೆ, ಇಂಜಿನ್ನಿನ ಹಿಂಬದಿ ಮುಚ್ಚಳಕ್ಕೆ ಬೆರಳಿಡ್ತೀನಿ. ನಾಲ್ಕು ಸೆಕೆಂಡ್ ತಡ್ಕೊಳ್ಳೋ ಹಾಗಿರಬೇಕು. ಗವರ್ನರ್ ಇಲ್ಲದೆಯೇ 1800ರ ಹತ್ರ ನಿಂತರೆ ಆಮೇಲೆ ಆನ್. ಹಾರುವಾಗ ಹೊಗೆ ತೆಳುವಾದ್ರೆ, ಸದ್ದು ಎಷ್ಟೇ ಚೆನ್ನಾಗಿದ್ರೂ, ಇಳಿಸ್ತೀನಿ. ಥ್ರಾಟಲ್ ಹೋಲ್ಡ್ ಒತ್ತಿದಾಗ, ಸಿಗ್ನಲ್ ಹೋದಾಗ ಗವರ್ನರ್ ಬಿಟ್ಟುಕೊಡುತ್ತಾ ಅಂತ ರೆಕ್ಕೆ ಬಿಚ್ಚಿಟ್ಟು ಮೊದಲೇ ಪರೀಕ್ಷೆ ಮಾಡಿರ್ತೀನಿ.

ಗೆಳೆಯನ ಮಗ ಈಗಲೂ ಬರ್ತಾನೆ. ದೂರದಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು ನೋಡ್ತಾನೆ, ಗಾಜು ಏರಿಸಿರುತ್ತೆ. ಅದಕ್ಕೆ ಅವನಿಗೆ ನನ್ನ ಮೇಲೆ ಸಿಟ್ಟು.