ಜೂನ್ ಒಂದರ ಬಳಗ

ಬೀದರ ನಗರದ ಯಾವುದಾದರೊಂದು ಕಚೇರಿಗೆ, ಬ್ಯಾಂಕಿಗೆ, ಕಾಲೇಜಿಗೆ ಇಂದು ಹೋಗಿ ನೋಡಿ. ಆಗಾಗ ಕಡತಗಳನ್ನು ಬದಿಗೆ ಸರಿಸಿ ಮೇಜಿನ ಮೇಲೆ ಕೇಕು ಇಟ್ಟಿರುತ್ತಾರೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿರುತ್ತಾರೆ. ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬ. ಇದನ್ನು ಪರದೇಶದ ಅನುಕರಣವೆಂದು ಮೂಗು ಮುರಿಯುವವರುಂಟು. ನಾನು ಆ ಪಂಗಡಕ್ಕೆ ಸೇರಿದವನಲ್ಲ. ಆದರೆ ಈ ಆಚರಣೆಯಲ್ಲಿ ನಾವು ಏನನ್ನು ಗೌರವಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮದು ಹಲವು ಭಾಷೆಗಳ ಸೀಮೆ. ಕನ್ನಡದಲ್ಲಿ ಹುಟ್ಟುಹಬ್ಬಕ್ಕೆ ವರ್ಧಂತಿ ಎಂಬ ಮಾತೂ ಇದೆ. ಔರಾದದ ಗಡಿಹಳ್ಳಿಗಳಲ್ಲಿ ಕೇಳಿಬರುವ ಮರಾಠಿಯಲ್ಲಿ ಅದು ವಾಢದಿವಸ. ಎರಡರಲ್ಲಿಯೂ ಬೆಳೆಯುವ ಅರ್ಥವಿದೆ. ಬೀದರದ ಓಣಿಗಳ ಉರ್ದುವಿನಲ್ಲಿ ಅದು ಸಾಲ್‌ಗಿರಹ್, ಎಂದರೆ ವರ್ಷದ ಗಂಟು. ವರ್ಷಕ್ಕೊಂದರಂತೆ ದಾರಕ್ಕೆ ಗಂಟು ಹಾಕಿ ವಯಸ್ಸನ್ನು ಎಣಿಸುತ್ತಿದ್ದ ಕಾಲದ ನೆನಪು ಆ ಶಬ್ದದಲ್ಲಿ ಉಳಿದಿದೆ. ಆದರೆ ಮೈಸೂರಿನ ವರ್ಧಂತಿಯಾಗಲಿ ಹೈದರಾಬಾದಿನ ಸಾಲ್‌ಗಿರಹ್ ಆಗಲಿ ರಾಜ್ಯದ ಉತ್ಸವವಾದದ್ದು ದೊರೆಯ ಪಾಲಿಗೆ ಮಾತ್ರ. ಸೇವಕನ ಹುಟ್ಟಿದ ದಿನವನ್ನು ಯಾರೂ ಕೇಳುತ್ತಿರಲಿಲ್ಲ. ಎಷ್ಟೋ ಸಲ ಅದು ಅವನಿಗೂ ತಿಳಿದಿರುತ್ತಿರಲಿಲ್ಲ.

ಈ ಮಾತು ಹಳೆಯ ಕಾಲಕ್ಕಷ್ಟೇ ಸಲ್ಲುವುದಲ್ಲ. ನಾನು ಔರಾದ ತಾಲೂಕಿನ ಹಳ್ಳಿಯ ಶಾಲೆಗೆ ಸೇರಿದ್ದು ಅರವತ್ತರ ದಶಕದಲ್ಲಿ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿದ ಹುಡುಗನಿಗೆ ಶಾಲೆಯ ವಯಸ್ಸಾಯಿತೆಂದು ಲೆಕ್ಕ. ತಾಯಿಯನ್ನು ಕೇಳಿದರೆ, ಪೊಲೀಸ್ ಕಾರ್ಯಾಚರಣೆ ಆದ ಇಷ್ಟು ವರ್ಷಕ್ಕೆ ಎಂದೋ, ಜೋಳದ ರಾಶಿಯ ದಿನಗಳಲ್ಲಿ ಎಂದೋ ಹೇಳುವಳು. 1948ರ ಆ ಘಟನೆ ನಮ್ಮ ಭಾಗದ ಹಿರಿಯರಿಗೆ ಒಂದು ಶಕೆಯಂತೆಯೇ ಆಗಿತ್ತು. ಮಾಸ್ತರರು ಶಾಲೆ ತೆರೆಯುವ ತಿಂಗಳನ್ನು ನೋಡಿ ದಾಖಲೆಯಲ್ಲಿ ಜೂನ್ 1 ಎಂದು ಬರೆದುಬಿಡುವರು. ಹೀಗೆ ನಾಡಿನ ಅಸಂಖ್ಯ ಮಕ್ಕಳು ಒಂದೇ ದಿನ ಹುಟ್ಟಿದರು. ನಾನೂ ಅವರಲ್ಲಿ ಒಬ್ಬ.

ಇದರ ಫಲವನ್ನು ಮೇ 31ರಂದು ನೋಡಬೇಕು. ನಮ್ಮ ರಾಜ್ಯದ ಸರ್ಕಾರಿ ನೌಕರನು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಹುಟ್ಟಿದ್ದು ಒಂದನೆಯ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ. ಆದುದರಿಂದ ಜೂನ್ ಒಂದರ ಬಳಗಕ್ಕೆಲ್ಲ ಮೇ 31ರಂದು ಹಾರ, ಶಾಲು, ಬೀಳ್ಕೊಡುಗೆ. ಅರವತ್ತನೆಯ ಹುಟ್ಟುಹಬ್ಬದ ಬೆಳಗ್ಗೆ ಎದ್ದಾಗ ಹೋಗಲು ಕಚೇರಿಯೇ ಇರುವುದಿಲ್ಲ.

ಭಾಲ್ಕಿಯ ಒಂದು ಕಾಲೇಜಿನಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದ ಮಾತು. ಅಧ್ಯಾಪಕರ ಹುಟ್ಟುಹಬ್ಬಗಳಿಗೆ ಎಲ್ಲರಿಂದಲೂ ಸಮನಾಗಿ ವಂತಿಗೆ ಎತ್ತುವ ರೂಢಿಯಿತ್ತು. ಪ್ರಾಂಶುಪಾಲರದಾದರೆ ಹಾರ ದೊಡ್ಡದು. ನಮ್ಮ ಚಪರಾಸಿಯೂ ತಪ್ಪದೆ ವಂತಿಗೆ ಕೊಡುತ್ತಿದ್ದ. ಕೇಕು ತರುವವನು, ಚಹಾ ಹಂಚುವವನು, ಮೇಜು ಒರೆಸುವವನು ಅವನೇ. ಹೊಸದಾಗಿ ಬಂದ ಅಧ್ಯಾಪಕಿಯೊಬ್ಬರು ಒಮ್ಮೆ, “ಕಾಕಾ, ನಿಮ್ಮ ಹುಟ್ಟುಹಬ್ಬ ಯಾವಾಗ?” ಎಂದು ಕೇಳಿದರು. ಅವನು ನಕ್ಕು, “ಯಾರಿಗಿ ಗೊತ್ತದ ಬಾಯಿಯವರೇ? ಎಪ್ಪತ್ತೆರಡರ ಬರದಾಗ ಹುಟ್ಟೀದಿ ಅಂತ ನಮ್ಮವ್ವ ಹೇಳ್ತಿದ್ದಳು. ನೌಕರಿಗಿ ಬಂದ ದಿನ ಮಾತ್ರ ನನಗ ಛಲೋ ನೆನಪದ” ಎಂದ.

ಆ ವರ್ಷ ಅವನು ನೌಕರಿಗೆ ಸೇರಿದ ದಿನವನ್ನೇ ಹುಟ್ಟುಹಬ್ಬವಾಗಿ ಆಚರಿಸಿದೆವು. ಚುಡುವಾ, ಭಜಿ, ಚಹಾ, ಇಷ್ಟೇ. ಆ ದಿನ ಚಹಾ ಹಂಚಿದವರು ಅಧ್ಯಾಪಕರು. ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕುಳಿತ ಅವನು ಬಟ್ಟಲು ಖಾಲಿಯಾದೊಡನೆ ಅಭ್ಯಾಸಬಲದಿಂದ ಎಲ್ಲರ ಬಟ್ಟಲುಗಳನ್ನು ಎತ್ತಲು ಎದ್ದ. ಅವನನ್ನು ಮತ್ತೆ ಕೂರಿಸಬೇಕಾಯಿತು.

ಹುಟ್ಟಿದ ದಿನ ಖಚಿತವಿಲ್ಲದಿದ್ದರೆ ಆಚರಣೆ ಸುಳ್ಳಾಗುವುದೇ? ಇಲ್ಲವೆಂಬುದಕ್ಕೆ ನಮ್ಮ ಕಚೇರಿಗಳಲ್ಲೇ ಪ್ರಮಾಣವಿದೆ. ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿಯನ್ನೂ ಫೆಬ್ರುವರಿ 1ರಂದು ಮಡಿವಾಳ ಮಾಚಿದೇವರ ಜಯಂತಿಯನ್ನೂ ಸರ್ಕಾರವೇ ಆಚರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಕೂಡಿದ ಆ ಶರಣರ ಜಾತಕವನ್ನು ಯಾರೂ ಬರೆದಿಡಲಿಲ್ಲ. ದೋಣಿ ನಡೆಸಿದವನು, ಬಟ್ಟೆ ಮಡಿ ಮಾಡಿದವನು, ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯ: ಇವರ ಕಾಯಕ ಹೆಸರಿನೊಡನೆಯೇ ಉಳಿದು ಬಂದಿದೆ. ತಾರೀಖು ನಾವು ಗೊತ್ತುಮಾಡಿಕೊಂಡದ್ದು. ಗೌರವ ಮಾತ್ರ ನಿಜವಾದದ್ದು. ಗೋಡೆಯ ಮೇಲಿನ ಭಾವಚಿತ್ರಕ್ಕೆ ಸಲ್ಲುವ ಈ ನ್ಯಾಯ ಅದರ ಕೆಳಗೆ ಸ್ಟೂಲಿನ ಮೇಲೆ ಕುಳಿತವನಿಗೂ ಸಲ್ಲಬೇಕಲ್ಲವೇ?

ಹಾಗೆಂದು ಇದನ್ನು ಕಡ್ಡಾಯದ ಉತ್ಸವ ಮಾಡಬೇಕಾಗಿಲ್ಲ. ವಂತಿಗೆ ಸಂಬಳಕ್ಕೆ ತಕ್ಕಂತಿರಲಿ, ಕೊಡಲಾರದವನ ಹೆಸರು ಪಟ್ಟಿಯಲ್ಲಿ ಎದ್ದು ಕಾಣದಿರಲಿ. ಮನೆಯಲ್ಲಿ ದುಃಖವಿರುವವರು ಬೇಡವೆಂದರೆ ಬಿಡಬೇಕು. ಇನ್ನೊಂದು ಮಾತು: ಔರಾದದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬೀದರಕ್ಕೆ ಬಂದ ರೈತ ತನ್ನ ಕಾಗದಕ್ಕಾಗಿ ಕಿಟಕಿಯ ಹೊರಗೆ ನಿಂತಿರುವಾಗ ಒಳಗೆ ಕೇಕು ಕತ್ತರಿಸುವುದು ಸಲ್ಲದು. ಊಟದ ವಿರಾಮದ ಹತ್ತು ನಿಮಿಷ ಸಾಕು.

ವರ್ಷದಲ್ಲಿ ಬಹುಭಾಗ ಎಚ್ಚರದ ಹೊತ್ತನ್ನು ನಾವು ಕಳೆಯುವುದು ಸಹೋದ್ಯೋಗಿಗಳೊಡನೆ. ಅವರ ಬಡ್ತಿ, ರಜೆ, ತಪ್ಪು ಎಲ್ಲವೂ ಕಡತದಲ್ಲಿ ದಾಖಲಾಗುತ್ತವೆ. ಒಬ್ಬ ಮನುಷ್ಯ ನಮ್ಮ ನಡುವೆ ಇದ್ದಾನೆಂಬ ಸಂತೋಷಕ್ಕೆ ಮಾತ್ರ ಅಲ್ಲಿ ಪುಟವಿಲ್ಲ. ವರ್ಷಕ್ಕೊಮ್ಮೆ ಆ ಗಂಟನ್ನು ಹಾಕುವುದು ಜೊತೆಯಲ್ಲಿ ದುಡಿಯುವವರ ಕೆಲಸ.